ಚುಕ್ಕಿಯೂ ಇಲ್ಲ, ಬಟ್ಟೆ ಬೇರೆ ಬಾಟಿಕ್: ಇದು ಆದಿವಾಸಿ ಕಲೆಯೇ?

ಪ್ರಶ್ನೆ: ಮೆಲ್ಬರ್ನ್‌ನಲ್ಲಿರುವ ಮಗಳ ಮನೆಗೆ ಹೋಗಿದ್ದಾಗ ಒಂದು ಗ್ಯಾಲರಿಯಲ್ಲಿ ಉದ್ದನೆಯ ರೇಷ್ಮೆ ಬಟ್ಟೆ ನೋಡಿದೆ. ಬಾಟಿಕ್ ಕೆಲಸ. ಪಕ್ಕದ ಚೀಟಿಯಲ್ಲಿ ‘ನ್ಯುಕಾನಾ ಬೇಕರ್, ಪಿಟ್ಜಂಟ್ಜಟ್ಜಾರ, ಎರ್ನಾಬೆಲ್ಲಾ’ ಅಂತಿತ್ತು. ಆಸ್ಟ್ರೇಲಿಯಾದ ಆದಿವಾಸಿ ಚಿತ್ರ ಅಂದರೆ ಚುಕ್ಕಿ ಚುಕ್ಕಿ ಇರುತ್ತೆ, ಪ್ರತಿ ಚುಕ್ಕಿಗೂ ಒಂದು ಕಥೆ ಇರುತ್ತೆ ಅಂತ ಓದಿದ್ದೆ. ಇದರಲ್ಲಿ ಎರಡೂ ಇಲ್ಲ. ಬಾಟಿಕ್ ಇಂಡೋನೇಷ್ಯಾದ್ದಲ್ವಾ? ಇದು ನಿಜವಾದ ಆದಿವಾಸಿ ಕಲೆಯೇ, ಇಲ್ಲ ಮಿಷನರಿಗಳು ಹೇಳಿಕೊಟ್ಟ ಹೊಲಿಗೆ ಕ್ಲಾಸಿನಂಥದ್ದೇ? ಈ ಹೆಂಗಸು ಯಾರು? ಇನ್ನೊಂದು ಮಾತು. ಆ ಬಳ್ಳಿಯಂಥ ವಿನ್ಯಾಸದ ಫೋಟೋ ಇಟ್ಟುಕೊಂಡು ಮಗಳು ಸೀರೆಗೆ ಒಂದು ರವಿಕೆ ಮಾಡಿಸಬೇಕು ಅಂತಿದ್ದಾಳೆ. ಮಾಡಿಸಬಹುದಾ?

ಉತ್ತರ: ನಿಜವಾದದ್ದೇ, ಅನುಮಾನ ಬೇಡ. ಇನ್ನೂ ಒಂದು ಮಾತು ಸೇರಿಸುತ್ತೇನೆ. ಹಳೇ ಕಾಲದ್ದು ಎಂದು ನಿಮಗೆ ಅನ್ನಿಸುವ ಆ ಚುಕ್ಕಿ ಕ್ಯಾನ್ವಾಸುಗಳಿಗಿಂತ ನೀವು ನೋಡಿದ ಬಟ್ಟೆಯ ವಿನ್ಯಾಸಕ್ಕೆ ವಯಸ್ಸು ಜಾಸ್ತಿ. ಮೈಮೇಲೆ, ನೆಲದ ಮೇಲೆ ಚುಕ್ಕಿ ಇಡುವುದು ಮರುಭೂಮಿಯ ಜನರಲ್ಲಿ ಬಹಳ ಹಿಂದಿನಿಂದ ಇದೆ, ಸರಿ. ಆದರೆ ಹಲಗೆ, ಕ್ಯಾನ್ವಾಸುಗಳ ಮೇಲೆ ಮಾರಾಟಕ್ಕೆ ಬಂದ ಚುಕ್ಕಿ ಚಿತ್ರ ಶುರುವಾಗಿದ್ದು 1971ರಲ್ಲಿ, ಪಾಪುನ್ಯಾ ಎಂಬ ಊರಿನಲ್ಲಿ. ಜೆಫ್ರಿ ಬಾರ್ಡನ್ ಎಂಬ ಶಾಲಾ ಮೇಷ್ಟ್ರು ಅಲ್ಲಿನ ಹಿರಿಯ ಗಂಡಸರ ಕೈಗೆ ಬಣ್ಣ ಕೊಟ್ಟರು. ಮುಂದೆ ಅದು ಜಗತ್ತಿಗೆಲ್ಲ ಹಬ್ಬಿತು. ಎರ್ನಾಬೆಲ್ಲಾದ ಕ್ರಾಫ್ಟ್ ರೂಮ್ ತೆರೆದದ್ದು ಅದಕ್ಕೂ 23 ವರ್ಷ ಮೊದಲು, 1948ರಲ್ಲಿ. ಇವತ್ತಿಗೂ ಮುಚ್ಚಿಲ್ಲ. ಆಸ್ಟ್ರೇಲಿಯಾದಲ್ಲಿ ನಿಲ್ಲದೆ ನಡೆದುಬಂದಿರುವ ಆದಿವಾಸಿ ಕಲಾಕೇಂದ್ರಗಳಲ್ಲಿ ಅದೇ ಅತಿ ಹಳೆಯದು.

ಊರಿನ ಬಗ್ಗೆ ಮೊದಲು ಹೇಳಿಬಿಡುತ್ತೇನೆ. ಇಲ್ಲದಿದ್ದರೆ ನ್ಯುಕಾನಾ ಅರ್ಥವಾಗುವುದಿಲ್ಲ.

ಆಸ್ಟ್ರೇಲಿಯಾದ ನಕ್ಷೆಯ ನಡುಮಧ್ಯಕ್ಕೆ ಬೆರಳಿಡಿ. ಸ್ವಲ್ಪ ಕೆಳಗೆ ಬಂದರೆ ದಕ್ಷಿಣ ಆಸ್ಟ್ರೇಲಿಯಾ ರಾಜ್ಯದ ವಾಯವ್ಯ ಮೂಲೆ. ಅಲ್ಲಿ ಮಸ್‌ಗ್ರೇವ್ ಬೆಟ್ಟಸಾಲು ಇದೆ, ಅದರ ಪೂರ್ವದ ಕಡೆಗೆ ಎರ್ನಾಬೆಲ್ಲಾ. ಊರಿನವರ ಬಾಯಲ್ಲಿ ಪುಕಾಚಾ. ಆಲಿಸ್ ಸ್ಪ್ರಿಂಗ್ಸ್‌ನಿಂದ ರಸ್ತೆಯಲ್ಲಿ 400 ಕಿಲೋಮೀಟರಿಗೂ ಹೆಚ್ಚು. ಕೆಂಪು ಮಣ್ಣು, ಮುಳ್ಳುಹುಲ್ಲು, ಒಣಗಿದ ಹೊಳೆಯ ಮರಳಿನಲ್ಲಿ ದೊಡ್ಡ ದೊಡ್ಡ ನೀಲಗಿರಿ ಜಾತಿಯ ಮರಗಳು. ಇಲ್ಲಿನ ಜನ ತಮ್ಮನ್ನು ಅನಂಗು ಎಂದು ಕರೆದುಕೊಳ್ಳುತ್ತಾರೆ. ಅವರ ಭಾಷೆ ಪಿಟ್ಜಂಟ್ಜಟ್ಜಾರ. ಮಾತಾಡುವಾಗ ನಡುವಿನ ಒಂದು ಅಕ್ಷರ ನುಂಗಿಹೋಗಿ ಪಿಚಂಜಾರ ಅಂತ ಕೇಳಿಸುತ್ತದೆ. ನಾನೂ ಹಾಗೇ ಬರೆಯುತ್ತೇನೆ, ನಿಮಗೂ ನಾಲಿಗೆ ತಿರುಗುತ್ತದೆ.

1937ರಲ್ಲಿ ಪ್ರೆಸ್ಬಿಟೇರಿಯನ್ ಚರ್ಚು ಇಲ್ಲಿದ್ದ ಒಂದು ಕುರಿ ಸಾಕಣೆಯ ಜಾಗವನ್ನು ಕೊಂಡು ಮಿಷನ್ ಶುರುಮಾಡಿತು. ಹಿಂದೆ ನಿಂತು ಮಾಡಿಸಿದವರು ಅಡಿಲೇಡ್‌ನ ಸರ್ಜನ್ ಡಾಕ್ಟರ್ ಚಾರ್ಲ್ಸ್ ಡುಗುಯಿಡ್. ಬೇರೆ ಎಷ್ಟೋ ಮಿಷನ್‌ಗಳಲ್ಲಿ ಮಕ್ಕಳನ್ನು ತಾಯಂದಿರಿಂದ ಬಿಡಿಸಿ ಹಾಸ್ಟೆಲಿಗೆ ಹಾಕುತ್ತಿದ್ದರು, ಅವರ ಭಾಷೆ ಆಡಿದರೆ ಬೈಯುತ್ತಿದ್ದರು. ಇಲ್ಲಿ ಹಾಗಾಗಲಿಲ್ಲ. 1940ರಲ್ಲಿ ತೆರೆದ ಶಾಲೆಯಲ್ಲಿ ಪಾಠ ಪಿಚಂಜಾರದಲ್ಲೇ ನಡೆಯಿತು. ಮಕ್ಕಳು ರಾತ್ರಿ ತಂದೆತಾಯಿಯ ಹತ್ತಿರವೇ ಮಲಗುತ್ತಿದ್ದರು. ಹಾಗಂತ ಮಿಷನ್ನನ್ನು ಹೊಗಳಿ ಅಟ್ಟಕ್ಕೇರಿಸೋದು ಬೇಡ. ನೆಲ ಅನಂಗುಗಳದ್ದು, ಹಕ್ಕುಪತ್ರ ಮಾತ್ರ ಬೇರೆಯವರದ್ದು. ಆದರೆ ಭಾಷೆ, ಹಾಡು, ನೆಂಟಸ್ತಿಕೆಯ ಕಟ್ಟಳೆ ಇವೆಲ್ಲ ಮುರಿಯದೆ ಉಳಿದದ್ದಕ್ಕೆ ಈ ಬಿಗಿಯಿಲ್ಲದ ನಡವಳಿಕೆಯೂ ಒಂದು ಕಾರಣ ಎಂದು ಒಪ್ಪಲೇಬೇಕು.

ನ್ಯುಕಾನಾ ಬೇಕರ್ ಹುಟ್ಟಿದ್ದು 1943ರಲ್ಲಿ, ಅಂದರೆ ಮಿಷನ್ ಬಂದು ಆರು ವರ್ಷಕ್ಕೆ. ಅವರ ಹಿಂದಿನ ತಲೆಮಾರು ನೀರು ಹುಡುಕಿಕೊಂಡು ನಡೆಯುತ್ತಾ ಬದುಕಿದ್ದು. ಅವರ ತಲೆಮಾರು ಶಾಲೆಯ ಗಂಟೆ ಕೇಳಿ ಬೆಳೆದದ್ದು. ಶಾಲೆ ಮುಗಿದ ಮೇಲೆ ಹುಡುಗಿಯರು ಕ್ರಾಫ್ಟ್ ರೂಮಿಗೆ ಸೇರುವುದು ವಾಡಿಕೆಯಾಗಿತ್ತು. ನ್ಯುಕಾನಾ ಕೂಡ ಹಾಗೇ ಸೇರಿದರು.

ಕ್ರಾಫ್ಟ್ ರೂಮ್ ಶುರುವಾಗಿದ್ದೇ ಕುರಿಯ ದೆಸೆಯಿಂದ. ಸಾಕಷ್ಟು ಉಣ್ಣೆ ಬರುತ್ತಿತ್ತು, ಅದರಿಂದ ಹೆಂಗಸರಿಗೆ ಒಂದಿಷ್ಟು ಸಂಪಾದನೆ ಆಗಲಿ ಎಂಬ ಲೆಕ್ಕ. ನೂಲುವುದನ್ನು ಮಾತ್ರ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅನಂಗು ಹೆಂಗಸರಿಗೆ ಅದು ಮೊದಲೇ ಗೊತ್ತಿತ್ತು. ಮರದ ಕಡ್ಡಿಗೆ ಅಡ್ಡಕಡ್ಡಿ ಕಟ್ಟಿದ ಕದಿರನ್ನು ತೊಡೆಯ ಮೇಲೆ ಉರುಳಿಸಿ ಮನುಷ್ಯರ ತಲೆಗೂದಲಿನಿಂದ ಹುರಿ ಮಾಡುತ್ತಿದ್ದರು. ಆ ಹುರಿಯಿಂದ ಸೊಂಟದ ಪಟ್ಟಿ, ತಲೆಯ ಪಟ್ಟಿ, ಮರದ ಬೋಗುಣಿ ಹೊರಲು ತಲೆಗಿಡುವ ಸಿಂಬೆ. ಹೌದು, ನಮ್ಮಲ್ಲಿ ಕೊಡ ಹೊರುವಾಗ ಇಟ್ಟುಕೊಳ್ಳುವ ಅದೇ ಸಿಂಬೆ, ಅಲ್ಲಿ ಅದಕ್ಕೆ ಮಂಗುರಿ ಎನ್ನುತ್ತಾರೆ. ಕೂದಲಿನ ಜಾಗಕ್ಕೆ ಉಣ್ಣೆ ಬಂತು, ಕದಿರು ಅದೇ ಉಳಿಯಿತು. ನೂತ ಉಣ್ಣೆಯಿಂದ ಮೊದಲು ನೇಯ್ಗೆ, ಆಮೇಲೆ ನೆಲಹಾಸು.

ನೆಲಹಾಸಿಗೆ ವಿನ್ಯಾಸ ಬೇಕಲ್ಲ? ಅದು ಬಂದದ್ದು ಶಾಲೆಯ ಮಕ್ಕಳ ಚಿತ್ರಗಳಿಂದ. 1940ರ ದಶಕದಲ್ಲಿ ಹೆಣ್ಣುಮಕ್ಕಳು ಬಣ್ಣದ ಕಡ್ಡಿ ಹಿಡಿದು ಕಾಗದದ ಮೇಲೆ ಏನೋ ಒಂದು ಬರೆಯುತ್ತಿದ್ದರು. ಬಳುಕುವ ಗೆರೆ, ಸುತ್ತಿಕೊಂಡ ಸುಳಿ, ಎಲೆಯೂ ಅಲ್ಲದ ಹೂವೂ ಅಲ್ಲದ ಆಕಾರ, ಅದರ ಹೊರಗೆ ಇನ್ನೊಂದು ಗೆರೆ, ಅದರ ಹೊರಗೆ ಮತ್ತೊಂದು. ಒಬ್ಬಳ ಚಿತ್ರ ನೋಡಿ ಇನ್ನೊಬ್ಬಳು ಕಲಿತಳು. ಅದೇ ಬೆಳೆದು ಎರ್ನಾಬೆಲ್ಲಾದ ‘ವಲ್ಕಾ’, ಅಂದರೆ ವಿನ್ಯಾಸ, ಎಂದು ಹೆಸರಾಯಿತು. ನೆಲಹಾಸಿಗೆ ಹೋಯಿತು, ಶುಭಾಶಯದ ಕಾರ್ಡಿಗೆ ಹೋಯಿತು, ಚರ್ಮದ ಚಪ್ಪಲಿಗೂ ಹೋಯಿತು. 1954ರಲ್ಲಿ ಬಂದ ವಿನಿಫ್ರೆಡ್ ಹಿಲಿಯಾರ್ಡ್ ಎಂಬ ಮಹಿಳೆ 1986ರವರೆಗೂ ಇಲ್ಲೇ ಇದ್ದು ಈ ಕೋಣೆಯನ್ನು ನಡೆಸಿದರು. ಹೊರಗಿನಿಂದ ನಮೂನೆ ತಂದು ‘ಇದನ್ನ ನಕಲು ಮಾಡಿ’ ಅನ್ನಲಿಲ್ಲ. ನಿಮ್ಮ ‘ಹೊಲಿಗೆ ಕ್ಲಾಸು’ ಮಾತಿಗೆ ಅರ್ಧ ಉತ್ತರ ಇಲ್ಲೇ ಸಿಕ್ಕಿತು. ಕೋಣೆ ಮಿಷನ್ನಿನದು, ಗೆರೆ ಹುಡುಗಿಯರದು.

ಮಕ್ಕಳಿಗೆ ಆ ಗೆರೆ ಎಲ್ಲಿಂದ ಬಂತು? ಇದಕ್ಕೆ ಒಂದೇ ಮಾತಿನ ಉತ್ತರ ಇಲ್ಲ. ಆದರೆ ಪಿಚಂಜಾರ ಹುಡುಗಿಯರು ಮರಳಿನಲ್ಲಿ ಕಥೆ ಹೇಳುವುದನ್ನು ನೋಡಿದರೆ ಕೈ ಎಲ್ಲಿ ಪಳಗಿತು ಅನ್ನೋದು ಗೊತ್ತಾಗುತ್ತದೆ. ಹುಡುಗಿ ನೆಲದ ಮೇಲೆ ಕೂರುತ್ತಾಳೆ. ಅಂಗೈಯಿಂದ ಮುಂದಿನ ಮರಳನ್ನು ಸವರಿ ಚೊಕ್ಕಟ ಮಾಡುತ್ತಾಳೆ. ಕೈಯಲ್ಲಿ ಬಗ್ಗಿಸಿದ ಒಂದು ಕಡ್ಡಿ, ಈಗೀಗ ತಂತಿ. ಅದನ್ನು ನೆಲಕ್ಕೆ ಟಪ್ ಟಪ್ ಅಂತ ಬಡಿಯುತ್ತಾ ತಾಳ ಹಾಕಿಕೊಂಡು ಕಥೆ ಹೇಳುತ್ತಾಳೆ. ನಡುನಡುವೆ ಬೆರಳು ಮರಳಿಗಿಳಿಯುತ್ತದೆ. ಕುದುರೆ ಲಾಳದಂಥ ಒಂದು ಗೆರೆ ಎಳೆದರೆ ಕೂತ ಮನುಷ್ಯ. ಅರ್ಧ ವೃತ್ತ ಎಳೆದರೆ ಗಾಳಿಗೆ ಮರೆ ಕಟ್ಟಿದ ಗುಡಿಸಲು. ಅಮ್ಮ ಇಲ್ಲಿ ಮಲಗಿದ್ದಳು, ನಾಯಿ ಅಲ್ಲಿ, ಯಾರೋ ಬಂದರು. ದೃಶ್ಯ ಮುಗಿದ ತಕ್ಷಣ ಅಂಗೈಯಿಂದ ಒರೆಸಿ ಮತ್ತೆ ಶುರು. ಗೆರೆ ತಪ್ಪಿದರೆ ತಿದ್ದುವ ಪದ್ಧತಿಯೇ ಇಲ್ಲ. ದಿನಾ ಇದನ್ನು ಆಡಿ ಬೆಳೆದ ಕೈಗೆ ಪೆನ್ಸಿಲ್ ಗುರುತು ಬೇಕಾಗುವುದಿಲ್ಲ. ಬಾಟಿಕ್‌ಗೆ ಬಂದಾಗ ಇದು ದೊಡ್ಡ ಆಸ್ತಿಯಾಯಿತು.

ಬಾಟಿಕ್ ಬಂದದ್ದು 1971ರಲ್ಲಿ, ಪಾಪುನ್ಯಾದಲ್ಲಿ ಗಂಡಸರು ಹಲಗೆಗೆ ಬಣ್ಣ ಹಚ್ಚತೊಡಗಿದ ಅದೇ ವರ್ಷ. ಲಿಯೋ ಬ್ರೆರೆಟನ್ ಎಂಬ ಅಮೆರಿಕದ ಯುವಕ ಎರ್ನಾಬೆಲ್ಲಾಕ್ಕೆ ಬಂದು ಮೇಣ ಬಳಸಿ ಬಣ್ಣ ಹಾಕುವುದನ್ನು ತೋರಿಸಿದ. ಮುಂದೆ 1975ರಲ್ಲಿ ಮೂವರು ಹೆಂಗಸರು ಇಂಡೋನೇಷ್ಯಾದ ಯೋಗ್ಯಕರ್ತಾಕ್ಕೆ, ಅಲ್ಲಿನ ಬಾಟಿಕ್ ಸಂಶೋಧನಾ ಸಂಸ್ಥೆಗೆ ಹೋದರು: ನ್ಯುಕಾನಾ ಬೇಕರ್, ಜಿಲಿಯನ್ ಡೇವಿ, ಯಿಪಾತಿ ಕುಯಾಟಾ. ಆ ಕಾಲಕ್ಕೆ ಇದು ಸಣ್ಣ ವಿಷಯ ಅಲ್ಲ. ಆಸ್ಟ್ರೇಲಿಯಾದ ಆದಿವಾಸಿಗಳನ್ನು ಜನಗಣತಿಯಲ್ಲಿ ಪೂರ್ತಿಯಾಗಿ ಲೆಕ್ಕಕ್ಕೆ ಸೇರಿಸಲು ದಾರಿಯಾದದ್ದೇ 1967ರ ಜನಮತದಿಂದ. ಅದಾಗಿ ಎಂಟೇ ವರ್ಷಕ್ಕೆ ಮರುಭೂಮಿಯ ಮೂವರು ಹೆಂಗಸರು ಇನ್ನೊಂದು ದೇಶದ ಕಸುಬುದಾರರ ಮುಂದೆ ಸರಿಸಮ ಕೂತು ಕೆಲಸ ಕಲಿತರು.

ಜಾವಾದಲ್ಲಿ ಅವರು ನೋಡಿದ್ದು ಬಹಳ ಶಿಸ್ತಿನ ಕಸುಬು. ಬಟ್ಟೆಯ ಮೇಲೆ ಮೊದಲು ನಮೂನೆ ಗುರುತಿಸಿಕೊಳ್ಳುತ್ತಾರೆ. ಚಾಂಟಿಂಗ್ ಎಂಬ ಸಲಕರಣೆಯಿಂದ ಅದರ ಮೇಲೆ ಮೇಣ ಎಳೆಯುತ್ತಾರೆ. ಸಣ್ಣ ತಾಮ್ರದ ಬಟ್ಟಲು, ಅದಕ್ಕೊಂದು ಸೂಜಿಯಂಥ ಮೂತಿ, ಹಿಡಿಯಲು ಮರದ ಕೋಲು, ಅಷ್ಟೇ ಅದು. ಬೇಗ ಆಗಬೇಕಾದರೆ ತಾಮ್ರದ ಅಚ್ಚು ಒತ್ತುತ್ತಾರೆ. ಒಂದೊಂದು ನಮೂನೆಗೂ ಹೆಸರು, ಯಾರು ಯಾವಾಗ ಉಡಬೇಕು ಎಂಬ ರೂಢಿ. ಎರ್ನಾಬೆಲ್ಲಾದವರು ಸಲಕರಣೆಯನ್ನು ತೆಗೆದುಕೊಂಡರು, ಮೇಣ ಮತ್ತು ಬಣ್ಣದ ಹದವನ್ನು ತೆಗೆದುಕೊಂಡರು. ನಮೂನೆ ತರಲಿಲ್ಲ. ಅಚ್ಚನ್ನೂ ನೆಚ್ಚಲಿಲ್ಲ.

ಬಾಟಿಕ್ ಇಂಡೋನೇಷ್ಯಾದ್ದಲ್ವಾ ಎಂದು ಕೇಳಿದ್ದೀರಿ. ಹೌದು, ವಿದ್ಯೆ ಅಲ್ಲಿನದು. ಆದರೆ ಒಂದು ವಿಷಯ ನೋಡಿ. 1927ರಲ್ಲಿ ರವೀಂದ್ರನಾಥ ಟ್ಯಾಗೋರರು ಜಾವಾಕ್ಕೆ ಹೋಗಿಬಂದರು. ಆಮೇಲೆ ಶಾಂತಿನಿಕೇತನದಲ್ಲಿ ಬಾಟಿಕ್ ಬೇರೂರಿತು. ಚೆನ್ನೈ ಹತ್ತಿರದ ಚೋಳಮಂಡಲದ ಚಿತ್ರಕಾರರು 1960ರ ದಶಕದಲ್ಲಿ ಬಾಟಿಕ್ ಮಾರಿ ಹೊಟ್ಟೆ ಹೊರೆದರು. ಶಾಂತಿನಿಕೇತನದ ಬಾಟಿಕ್ ನಿಜವಾಗಿ ಭಾರತದ್ದೇ ಎಂದು ನಾವು ಯಾರನ್ನೂ ಕೇಳುವುದಿಲ್ಲ. ಅಷ್ಟೇಕೆ, ಜಾವಾದ ಕೆಲವು ಬಾಟಿಕ್ ನಮೂನೆಗಳು ಹುಟ್ಟಿದ್ದೇ ಗುಜರಾತಿನ ಪಟೋಲಾ ಸೀರೆ ನೋಡಿ. ಕಸುಬುಗಳು ಹೀಗೇ ಊರು ಸುತ್ತುತ್ತವೆ. ಆದಿವಾಸಿಗಳ ವಿಷಯಕ್ಕೆ ಬಂದಾಗ ಮಾತ್ರ ‘ಇದು ಶುದ್ಧವೇ?’ ಎಂಬ ಪ್ರಶ್ನೆ ಏಳುತ್ತದೆ. ಅವರು ಎಂದೂ ಬದಲಾಗಬಾರದು ಎಂದು ನಾವೇ ತೀರ್ಮಾನ ಮಾಡಿಕೊಂಡಂತೆ. ನಿಮ್ಮೊಬ್ಬರಿಗೆ ಹೇಳುತ್ತಿಲ್ಲ, ಈ ಅಭ್ಯಾಸ ದೊಡ್ಡ ದೊಡ್ಡ ಸಂಗ್ರಹಾಲಯಗಳಿಗೂ ಇತ್ತು.

ಈಗ ಕೆಲಸದ ಬಗ್ಗೆ. ಎರ್ನಾಬೆಲ್ಲಾದ ಬಾಟಿಕ್ ಹೇಗಾಗುತ್ತಿತ್ತು ಅಂದರೆ, ಹೆಂಗಸರು ನೆಲದ ಮೇಲೋ ಕುರ್ಚಿಯಲ್ಲೋ ಗುಂಪಾಗಿ ಕೂರುತ್ತಾರೆ. ಪಕ್ಕದಲ್ಲಿ ಬಾಣಲೆಯಲ್ಲಿ ಮೇಣ ಕರಗಿರುತ್ತದೆ. ಬಿಸಿ ಜಾಸ್ತಿಯಾದರೆ ಮೇಣ ನೀರಾಗಿ ಗೆರೆ ಹರಡುತ್ತದೆ, ಹೊಗೆ ಏಳುತ್ತದೆ. ಕಮ್ಮಿಯಾದರೆ ಮೂತಿಯಲ್ಲೇ ಕಟ್ಟಿಕೊಳ್ಳುತ್ತದೆ, ಇಳಿದರೂ ಬಟ್ಟೆಯ ಒಳಗೆ ಹೋಗದೆ ಮೇಲೇ ಕೂರುತ್ತದೆ. ಹಾಗೆ ಮೇಲೆ ಕೂತ ಮೇಣದಡಿ ಬಣ್ಣ ನುಗ್ಗಿ ಗೆರೆ ಮಸುಕಾಗುತ್ತದೆ. ಇವೆರಡರ ನಡುವಿನ ಹದ ಕಣ್ಣಿಗೆ ಗೊತ್ತಿರಬೇಕು. ರೇಷ್ಮೆಯ ಒಂದು ತುದಿಯನ್ನು ತೊಡೆಯ ಮೇಲೆ ಹರಡಿಕೊಂಡು, ಕೆಳಗೆ ಎಡಗೈ ಕೊಟ್ಟು, ಗುರುತಿಲ್ಲದೆ ಗೆರೆ ಶುರು. ಒಂದು ಅಂಗೈಯಗಲ ಮುಗಿದರೆ ಬಟ್ಟೆ ಸರಿಸಿ ಮುಂದಿನದ್ದು. ಹಲವು ಗಜ ಉದ್ದದ ಬಟ್ಟೆಯನ್ನು ಕೆಲಸದ ನಡುವೆ ಪೂರ್ತಿ ಬಿಡಿಸಿ ನೋಡುವುದೇ ಅಪರೂಪ. ಆದರೂ ಮುಗಿದಾಗ ಒಂದು ತುದಿಗೂ ಇನ್ನೊಂದಕ್ಕೂ ತಾಳ ತಪ್ಪಿರುವುದಿಲ್ಲ.

ಬಣ್ಣದ ಲೆಕ್ಕ ಇನ್ನೂ ಕಷ್ಟ. ಬಾಟಿಕ್‌ನಲ್ಲಿ ನೀವು ಮೇಣದಿಂದ ಬರೆಯುವುದು ಬಣ್ಣವನ್ನಲ್ಲ, ಬಣ್ಣ ಹತ್ತಬಾರದ ಜಾಗವನ್ನು. ಬಿಳಿ ರೇಷ್ಮೆಯ ಮೇಲೆ ಮೊದಲು ಎಳೆದ ಗೆರೆ ಕೊನೆಗೆ ಬಿಳಿಯಾಗಿ ಉಳಿಯುತ್ತದೆ. ಆಮೇಲೆ ಬಟ್ಟೆಯನ್ನು ಹಳದಿಯಲ್ಲಿ ಅದ್ದಿ ಒಣಗಿಸಿ ಮತ್ತೆ ಮೇಣ ಎಳೆದರೆ ಆ ಗೆರೆ ಹಳದಿ. ಆಮೇಲೆ ಕೆಂಪು, ಆಮೇಲೆ ಕಂದು ಅಥವಾ ಕಡುನೀಲಿ. ತಿಳಿ ಬಣ್ಣದಿಂದ ಗಾಢಕ್ಕೆ ಹೋಗಬೇಕು, ಹಿಂದಿರುಗುವ ದಾರಿ ಇಲ್ಲ. ಕೊನೆಗೆ ಬಿಸಿನೀರಿನಲ್ಲಿ ಕುದಿಸಿ ಮೇಣ ತೆಗೆದಾಗಲೇ ಎಲ್ಲ ಒಟ್ಟಿಗೆ ಕಾಣುವುದು. ಅಲ್ಲಿಯವರೆಗೂ ಅದು ಮೇಣ ಮೆತ್ತಿದ ಒಂದು ಕೊಳಕು ಬಟ್ಟೆಯ ಮುದ್ದೆ. ಇಡೀ ಚಿತ್ರ ತಲೆಯೊಳಗೇ ಇರಬೇಕು, ಅದೂ ಹಿಂದುಮುಂದಾಗಿ.

ಇದರಲ್ಲಿ ನ್ಯುಕಾನಾ ಎತ್ತಿದ ಕೈ. ಚಾಂಟಿಂಗ್‌ನ ಸಣ್ಣ ಗೆರೆಯನ್ನೂ ಬ್ರಷ್ಷಿನ ಅಗಲ ಬಳಿತವನ್ನೂ ಒಂದೇ ಬಟ್ಟೆಯಲ್ಲಿ ಕೂಡಿಸುತ್ತಿದ್ದರು. ಒಂದು ಆಕಾರದ ಅಂಚೇ ಪಕ್ಕದ ಆಕಾರದ ಅಂಚೂ ಆಗಿರುತ್ತದೆ. ಯಾವುದು ಮುಂದಿದೆ, ಯಾವುದು ಹಿಂದಿದೆ ಎಂದು ಹೇಳಲು ಬರುವುದಿಲ್ಲ. ಮತ್ತೆ ಗ್ಯಾಲರಿಗೆ ಹೋದರೆ ಹತ್ತಿರ ನಿಂತು ಒಂದು ಗೆರೆಯನ್ನೇ ಹಿಡಿದು ಕಣ್ಣಲ್ಲಿ ನಡೆಯಿರಿ. ಕೆಲವು ಕಡೆ ಗೆರೆಯ ತುದಿ ಒಂದಿಷ್ಟು ದಪ್ಪಗೆ, ಹನಿಯಂತೆ ಕಾಣುತ್ತದೆ. ಚಾಂಟಿಂಗ್ ಬಟ್ಟೆಗೆ ತಾಗಿ ಒಂದು ಕ್ಷಣ ನಿಂತ ಜಾಗ ಅದು. ಆಮೇಲೆ ಕೈ ಓಡಿದ್ದಕ್ಕೆ ಗೆರೆ ತೆಳುವಾಗುತ್ತದೆ. ಒಂದೇ ಆಕಾರ ಹತ್ತು ಸಲ ಬಂದಿದ್ದರೆ ಹತ್ತೂ ಬೇರೆ ಬೇರೆ. ಅಚ್ಚಿನ ಬಟ್ಟೆಯಲ್ಲಿ ಇದು ಸಿಗುವುದಿಲ್ಲ.

ಇಂಥ ಉದ್ದನೆಯ ಬಟ್ಟೆಗಳಿಗೆ ಅಲ್ಲಿ ‘ರೈಕಿ ವಾರಾ’ ಎನ್ನುತ್ತಾರೆ. 1998ರಲ್ಲಿ ಮೆಲ್ಬರ್ನ್‌ನ ನ್ಯಾಷನಲ್ ಗ್ಯಾಲರಿ ಆಫ್ ವಿಕ್ಟೋರಿಯಾ ಇದೇ ಹೆಸರಿನಲ್ಲಿ ಒಂದು ಪ್ರದರ್ಶನ ಮಾಡಿತು. ಕರಕುಶಲ ವಸ್ತು ಎಂದು ಮೂಲೆಯಲ್ಲಿಟ್ಟಿದ್ದ ಬಟ್ಟೆಗಳು ಕಲೆ ಎಂದು ಗೋಡೆಗೆ ಬರಲು ಅಷ್ಟು ವರ್ಷ ಬೇಕಾಯಿತು ನೋಡಿ.

‘ಕಥೆಯೂ ಇಲ್ಲ’ ಎಂದಿರಲ್ಲ, ಅದು ನಿಮ್ಮ ಪ್ರಶ್ನೆಯಲ್ಲಿ ನನಗೆ ಬಹಳ ಹಿಡಿಸಿದ ಭಾಗ. ಕಥೆ ಇಲ್ಲದಿರುವುದು ಕೊರತೆ ಅಲ್ಲ. ಬೇಕೆಂದೇ ಹಾಗೆ ಬಿಟ್ಟದ್ದು.

ಅನಂಗುಗಳ ಬದುಕಿನ ತಳಹದಿ ಚುಕುರ್ಪಾ. ನೆಲ ಹೇಗಾಯಿತು, ಯಾವ ಪೂರ್ವಜರು ಯಾವ ದಾರಿಯಲ್ಲಿ ನಡೆದು ಯಾವ ಬಂಡೆ, ಯಾವ ನೀರಿನ ಗುಂಡಿಯಾದರು, ಯಾರು ಯಾರನ್ನು ಮದುವೆಯಾಗಬಹುದು, ಎಲ್ಲವೂ ಅದರೊಳಗಿದೆ. ಅದು ಎಲ್ಲರಿಗೂ ಬಿಚ್ಚಿದ ಪುಸ್ತಕವಲ್ಲ. ಕೆಲವು ಭಾಗ ಗಂಡಸರಿಗೆ ಮಾತ್ರ, ಕೆಲವು ಹೆಂಗಸರಿಗೆ ಮಾತ್ರ, ಕೆಲವು ಮಕ್ಕಳ ಮುಂದೆ ಹಾಡಬಹುದಾದ್ದು. ಪಾಪುನ್ಯಾದ ಮೊದಲ ವರ್ಷಗಳ ಚಿತ್ರಗಳಲ್ಲಿ ಗುಟ್ಟಾಗಿರಬೇಕಾದ ಗುರುತುಗಳು ಬಯಲಿಗೆ ಬಂದವು ಎಂದು ಸಿಟ್ಟಾದವರಲ್ಲಿ ಪಿಚಂಜಾರ ಹಿರಿಯರೂ ಇದ್ದರು. ಅಂಥ ಜನರ ಹೆಂಗಸರು ಮಾರಾಟದ ಬಟ್ಟೆಯ ಮೇಲೆ ಚುಕುರ್ಪಾ ಬರೆಯುತ್ತಾರೆಯೇ? ಎರ್ನಾಬೆಲ್ಲಾದವರನ್ನು ವಿನ್ಯಾಸದ ಅರ್ಥ ಏನು ಎಂದು ಕೇಳಿದವರಿಗೆಲ್ಲ ಸಿಗುತ್ತಿದ್ದ ಉತ್ತರ ಹೆಚ್ಚುಕಮ್ಮಿ ಒಂದೇ: ಅರ್ಥ ಏನಿಲ್ಲ, ಇದು ಸುಮ್ನೆ ವಲ್ಕಾ. ಕೊಳ್ಳುವವರಿಗೆ ಇದು ರುಚಿಸಲಿಲ್ಲ. ಅವರಿಗೆ ಬಟ್ಟೆಯ ಜೊತೆ ಒಂದು ಪುರಾಣವೂ ಬೇಕು. ಹೆಂಗಸರು ಸುಳ್ಳು ಪುರಾಣ ಕಟ್ಟಿ ಹೇಳಬಹುದಿತ್ತು, ಬೆಲೆಯೂ ಏರುತ್ತಿತ್ತು. ಹೇಳಲಿಲ್ಲ. ನನಗೆ ಇದು ಬಾಟಿಕ್‌ನ ಕೈಚಳಕಕ್ಕಿಂತ ದೊಡ್ಡ ವಿಷಯ.

ಅಷ್ಟರಲ್ಲಿ ಈ ಬಾಟಿಕ್ ಬೇರೆ ಊರುಗಳಿಗೂ ಹೋಗಿತ್ತು. 1977ರಲ್ಲಿ ಆಲಿಸ್ ಸ್ಪ್ರಿಂಗ್ಸ್‌ನ ಈಶಾನ್ಯಕ್ಕಿರುವ ಯುಟೋಪಿಯಾದಲ್ಲಿ ಹೆಂಗಸರಿಗೆ ಬಾಟಿಕ್ ಕಲಿಸಿದವರಲ್ಲಿ ಯೋಗ್ಯಕರ್ತಾಕ್ಕೆ ಹೋಗಿಬಂದಿದ್ದ ಯಿಪಾತಿಯೂ ಒಬ್ಬರು. ಅಲ್ಲಿ ಮೇಣ ಹಿಡಿದ ಹೆಂಗಸರಲ್ಲಿ ಎಮಿಲಿ ಕಾಮೆ ಉಂಗ್ವಾರೆಯೆ ಎಂಬ ಅನ್ಮತ್ಯೆರೆ ಅಜ್ಜಿಯೂ ಇದ್ದರು. ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಟಿಕ್ ಮಾಡಿ, 1988ರ ಕೊನೆಯ ಹೊತ್ತಿಗೆ ಅವರು ಕ್ಯಾನ್ವಾಸಿಗೆ ಬಂದರು. ಬಟ್ಟೆ ಕುದಿಸಿ ಕುದಿಸಿ ಸಾಕಾಯಿತು ಎಂಬುದು ಅವರೇ ಕೊಟ್ಟ ಕಾರಣಗಳಲ್ಲಿ ಒಂದು. ಮುಂದಿನ ಎಂಟೇ ವರ್ಷದಲ್ಲಿ, 1996ರಲ್ಲಿ ತೀರಿಕೊಳ್ಳುವವರೆಗೆ, ಅವರು ಬರೆದದ್ದು ಆಸ್ಟ್ರೇಲಿಯಾದ ಚಿತ್ರಕಲೆಯ ದಿಕ್ಕನ್ನೇ ಬದಲಿಸಿತು. 1994ರಲ್ಲಿ ಬರೆದ ಅವರ ಒಂದು ಚಿತ್ರ 2007ರಲ್ಲಿ ಹತ್ತು ಲಕ್ಷ ಡಾಲರ್ ದಾಟಿತು. ಎಮಿಲಿಯ ಹೆಸರು ಎಲ್ಲರಿಗೂ ಗೊತ್ತು. ಅವರೂರಿಗೆ ಬಾಟಿಕ್ ತಂದ ಪಿಚಂಜಾರ ಹೆಂಗಸಿನ ಹೆಸರು ಎಷ್ಟು ಜನರಿಗೆ ಗೊತ್ತು? ಕ್ಯಾನ್ವಾಸ್ ಆದರೆ ಕಲೆ, ಬಟ್ಟೆ ಆದರೆ ಕರಕುಶಲ ಎಂಬ ಹಳೇ ತಾರತಮ್ಯ ಇದು. ನಮ್ಮಲ್ಲಿ ಕೌದಿ ಹೊಲಿಯುವ ಅಜ್ಜಿಯರಿಗೂ ಇದೇ ಪಾಡು.

ಚುಕುರ್ಪಾ ಬರೆಯಬಾರದು ಎಂಬ ಆ ಬಿಗಿ ಕೊನೆವರೆಗೂ ಹಾಗೇ ಉಳಿಯಲಿಲ್ಲ. ಅದಕ್ಕೆ ಕಾರಣ ನೆಲ. 1980ರಲ್ಲಿ ಪಿಚಂಜಾರ ಜನ ದೂರದ ಅಡಿಲೇಡ್‌ಗೆ ಬಂದು ಅಲ್ಲಿನ ಕುದುರೆ ರೇಸಿನ ಮೈದಾನದಲ್ಲಿ ಬಿಡಾರ ಹೂಡಿ ನೆಲದ ಹಕ್ಕು ಕೇಳಿದರು. 1981ರ ಕಾಯ್ದೆಯಲ್ಲಿ ಒಂದು ಲಕ್ಷ ಚದರ ಕಿಲೋಮೀಟರಿಗೂ ಜಾಸ್ತಿ ನೆಲ, ಅಂದರೆ ಕರ್ನಾಟಕದ ಅರ್ಧಕ್ಕಿಂತ ಹೆಚ್ಚು, ಮಾರಲಾಗದ ಹಕ್ಕಿನಲ್ಲಿ ಅವರಿಗೆ ಸೇರಿತು. ಈ ಮಾತುಕತೆಗಳಲ್ಲಿ ತಮ್ಮ ಮಾತನ್ನು ಯಾರೂ ಕೇಳುತ್ತಿಲ್ಲ ಎಂದು ಹೆಂಗಸರು 1980ರಲ್ಲಿ ತಮ್ಮದೇ ಮಹಿಳಾ ಮಂಡಳಿ ಕಟ್ಟಿಕೊಂಡರು. ಅದು ಇವತ್ತಿಗೂ ಗಟ್ಟಿಯಾಗಿದೆ. ಹುಲ್ಲಿನಿಂದ ಬುಟ್ಟಿ, ಪ್ರಾಣಿ ಹೆಣೆಯುವ ‘ಚನ್ಪಿ’ ಎಂಬ ಕೆಲಸವನ್ನು 1995ರಲ್ಲಿ ಶುರುಮಾಡಿದ್ದೂ ಅದೇ ಮಂಡಳಿ. ಹುಲ್ಲಿನಲ್ಲೇ ಆಳೆತ್ತರದ ಒಂದು ಟೊಯೊಟಾ ಗಾಡಿ ಹೆಣೆದು 2005ರಲ್ಲಿ ರಾಷ್ಟ್ರಮಟ್ಟದ ಆದಿವಾಸಿ ಕಲಾ ಪ್ರಶಸ್ತಿಯನ್ನೇ ಹೊಡೆದರು. ನಗಬೇಡಿ, ಆ ಮರುಭೂಮಿಯಲ್ಲಿ ಟೊಯೊಟಾ ಇಲ್ಲದೆ ಬದುಕೇ ಇಲ್ಲ.

ಪಶ್ಚಿಮಕ್ಕಿರುವ ಸ್ಪಿನಿಫೆಕ್ಸ್ ಜನರದ್ದು ಇನ್ನೊಂದು ಕಥೆ. ಅವರೂ ಪಿಚಂಜಾರ ನುಡಿಯವರೇ. 1950ರ ದಶಕದಲ್ಲಿ ಮರಲಿಂಗಾದಲ್ಲಿ ಬ್ರಿಟಿಷರು ಅಣುಬಾಂಬ್ ಪರೀಕ್ಷೆ ಮಾಡಿದಾಗ ನೆಲ ಬಿಟ್ಟವರು. ನೆಲದ ಹಕ್ಕಿನ ದಾವೆಗೆ 1990ರ ದಶಕದ ಕೊನೆಯಲ್ಲಿ ಗಂಡಸರು ಹೆಂಗಸರು ಸೇರಿ ತಮ್ಮ ಚುಕುರ್ಪಾದ ಜಾಗಗಳನ್ನೇ ಚಿತ್ರವಾಗಿ ಬರೆದರು. ಈ ಜಾಗ ನಮಗೆ ಗೊತ್ತು, ನಮ್ಮದು ಎನ್ನುವ ದಾಖಲೆ ಆ ಚಿತ್ರಗಳು. 2000ದಲ್ಲಿ ಹಕ್ಕು ಸಿಕ್ಕಿತು.

ಹೀಗೆ ಹಿರಿಯರು ಒಬ್ಬೊಬ್ಬರಾಗಿ ಹೋಗುತ್ತಿದ್ದಾಗ, ಮಕ್ಕಳಿಗೆ ತಿಳಿಯಲಿ ಎಂದು, ಯಾವುದನ್ನು ತೋರಿಸಬಹುದು ಯಾವುದನ್ನು ಬಾರದು ಎಂದು ತಾವೇ ಕೂತು ತೀರ್ಮಾನಿಸಿ, 2000ದ ನಂತರ ಪಿಚಂಜಾರ ಹೆಂಗಸರು ಕ್ಯಾನ್ವಾಸಿನಲ್ಲಿ ಚುಕುರ್ಪಾ ಬರೆಯತೊಡಗಿದರು. ಹೆಚ್ಚು ಬರೆದದ್ದು ಏಳು ಅಕ್ಕತಂಗಿಯರ ಕಥೆ. ನ್ಯಿರು ಎಂಬ ಕಾಮುಕ ಅವರ ಬೆನ್ನು ಹತ್ತುತ್ತಾನೆ, ಹಾವಾಗಿ, ಮರವಾಗಿ ವೇಷ ಹಾಕುತ್ತಾನೆ, ಅವರು ಓಡಿ ಓಡಿ ಕೊನೆಗೆ ಆಕಾಶ ಸೇರುತ್ತಾರೆ. ಅವರೇ ನಮ್ಮ ಕೃತ್ತಿಕಾ ನಕ್ಷತ್ರ. ನಮ್ಮ ಪುರಾಣದಲ್ಲಿ ಕೃತ್ತಿಕೆಯರು ಆರು ಜನ, ಕಾರ್ತಿಕೇಯನಿಗೆ ಹಾಲೂಡಿಸಿದ ತಾಯಂದಿರು. ಅಲ್ಲಿ ಏಳು ಜನ. ಅಮಾಟಾ ಊರಿನ ಕೆನ್ ಮನೆತನದ ಅಕ್ಕತಂಗಿಯರು ಸೇರಿ ಬರೆದ ಈ ಕಥೆಯ ಚಿತ್ರಕ್ಕೆ 2016ರಲ್ಲಿ ಸಿಡ್ನಿಯ ವಿನ್ ಪ್ರಶಸ್ತಿ ಬಂತು. ಅದೇ ಊರಿನ ಸಿಲ್ವಿಯಾ ಕೆನ್ ಅವರಿಗೆ 2019ರಲ್ಲಿ, ಅದೇ ಕಥೆಗೆ. ನೀವು ಓದಿದ್ದ ‘ಪ್ರತಿ ಚುಕ್ಕಿಗೂ ಕಥೆ’ ಮಾತು ಇಂಥ ಚಿತ್ರಗಳಿಗೆ ಸ್ವಲ್ಪ ಹೊಂದುತ್ತದೆ. ನ್ಯುಕಾನಾ ಅವರ ರೇಷ್ಮೆಗೆ ಹೊಂದುವುದಿಲ್ಲ. ಎರಡೂ ಪಿಚಂಜಾರವೇ.

ಎರ್ನಾಬೆಲ್ಲಾದಲ್ಲಿ ಬಾಟಿಕ್ ಈಗ ಹೆಚ್ಚುಕಮ್ಮಿ ನಿಂತಿದೆ. ಮೇಣದ ಹೊಗೆ, ದುಡಿತ, ಮಾರುಕಟ್ಟೆ ಎಲ್ಲ ಸೇರಿ ಕ್ಯಾನ್ವಾಸಿನ ಕೈ ಮೇಲಾಯಿತು. 2003ರಿಂದ ಅಲ್ಲಿ ಕುಂಬಾರಿಕೆಯೂ ಇದೆ. ಮಡಕೆಗೆ ಕಪ್ಪು ಲೇಪ ಹಚ್ಚಿ, ಮೊನಚಿನಿಂದ ಕೆರೆದು ಒಳಗಿನ ಬಣ್ಣ ಕಾಣುವಂತೆ ಗೆರೆ ಎಳೆಯುತ್ತಾರೆ. ಹಳೇ ವಲ್ಕಾ ಗೊತ್ತಿದ್ದವರಿಗೆ ಆ ಗೆರೆಯ ಪರಿಚಯ ತಕ್ಷಣ ಸಿಗುತ್ತದೆ.

ಗ್ಯಾಲರಿಗಳಲ್ಲಿ ನಿಮಗೆ ಇನ್ನೊಂದು ಗೊಂದಲ ಆಗಬಹುದು, ಈಗಲೇ ಹೇಳಿಬಿಡುತ್ತೇನೆ. ಬೇರೆ ಬೇರೆ ಚಿತ್ರಗಳ ಕೆಳಗೆ ‘ಕುನ್ಮನಾರಾ’ ಎಂಬ ಒಂದೇ ಹೆಸರು ಕಾಣುತ್ತದೆ. ಅದು ಒಬ್ಬರ ಹೆಸರಲ್ಲ. ಯಾರಾದರೂ ತೀರಿಕೊಂಡರೆ ಅವರ ಹೆಸರನ್ನು ಕೆಲಕಾಲ ಬಾಯಲ್ಲಿ ಎತ್ತಬಾರದು. ಅದೇ ಹೆಸರಿನ ಬದುಕಿರುವವರನ್ನೂ ಹಾಗೆ ಕರೆಯುವಂತಿಲ್ಲ. ಆಗ ಬಳಸುವ ಬದಲಿ ಹೆಸರು ಇದು. ಹೆಸರು ಮತ್ತೆ ಯಾವಾಗ ಎತ್ತಬಹುದು ಎಂದು ಮನೆಯವರು ಹೇಳುತ್ತಾರೆ.

ಈಗ ಮಗಳ ರವಿಕೆ. ಮಾಡಿಸಬೇಡಿ. ‘ಅರ್ಥ ಇಲ್ಲದ ವಿನ್ಯಾಸ’ ಅಂದ ಮಾತ್ರಕ್ಕೆ ಯಾರು ಬೇಕಾದರೂ ಎತ್ತಿಕೊಳ್ಳಬಹುದು ಅಂತಲ್ಲ. ಎರ್ನಾಬೆಲ್ಲಾದಲ್ಲಿ ವಲ್ಕಾ ಬರೆದವರ ಸ್ವಂತದ್ದು. ಗೆರೆ ನೋಡಿಯೇ ಇದು ಇಂಥವಳ ಕೈ ಎಂದು ಪಕ್ಕದವರು ಹೇಳುತ್ತಾರೆ. ಕಾನೂನೂ ಅದನ್ನೇ ಹೇಳುತ್ತದೆ. ಆಸ್ಟ್ರೇಲಿಯಾದಲ್ಲಿ ಕಲಾವಿದರ ಹಕ್ಕು ಅವರು ತೀರಿಕೊಂಡ ಮೇಲೂ 70 ವರ್ಷ ಮನೆಯವರಿಗೆ ಉಳಿಯುತ್ತದೆ. 2010ರಿಂದ ಇನ್ನೊಂದು ನಿಯಮವೂ ಇದೆ. ಸಾವಿರ ಡಾಲರ್ ಅಥವಾ ಅದಕ್ಕಿಂತ ಹೆಚ್ಚಿಗೆ ಮರುಮಾರಾಟವಾಗುವ ಕಲಾಕೃತಿಗೆ ಶೇಕಡಾ 5ರಷ್ಟು ಕಲಾವಿದರಿಗೋ ಅವರ ವಾರಸುದಾರರಿಗೋ ಹೋಗಬೇಕು. ಹಳೇ ಬಾಟಿಕ್ ಕೊಳ್ಳುವ ಆಸೆ ಇದ್ದರೆ ಇದನ್ನು ನೆನಪಿಡಿ. ಮಾರುವವರು ಆ ವಿಷಯ ಎತ್ತಿದ ಕೂಡಲೇ ಮುಖ ಗಂಟಿಕ್ಕಿದರೆ ಬೇರೆ ಅಂಗಡಿ ನೋಡಿ.

ಮಗಳಿಗೆ ಆ ಗೆರೆಯೇ ಬೇಕು ಅಂದರೆ ದಾರಿ ಇದೆ. ಅವಳು ಮೆಲ್ಬರ್ನ್‌ನಲ್ಲೇ ಇದ್ದಾಳಲ್ಲ, ಎರ್ನಾಬೆಲ್ಲಾ ಆರ್ಟ್ಸ್‌ಗೆ, ಅಂದರೆ ಆ ಊರಿನ ಕಲಾಕೇಂದ್ರಕ್ಕೆ, ನೇರವಾಗಿ ಬರೆದು ಕೇಳಲಿ. ಯಾರ ವಿನ್ಯಾಸ, ಎಷ್ಟು ಬಟ್ಟೆಗೆ, ಮಾರಾಟಕ್ಕೋ ಸ್ವಂತಕ್ಕೋ ಎಂದು ಬಿಡಿಸಿ ಬರೆಯಬೇಕು. ಉತ್ತರ ತಡವಾಗಬಹುದು. ಅವರು ಮನೆಯವರನ್ನು ಕೇಳಬೇಕು, ಅಂತ್ಯಕ್ರಿಯೆ ನಡೆಯುತ್ತಿದ್ದರೆ ಊರಿನಲ್ಲಿ ಬೇರೆ ಕೆಲಸವೆಲ್ಲ ನಿಂತಿರುತ್ತದೆ. ಒಪ್ಪಿದರೆ ಶುಲ್ಕ ಕಟ್ಟಿ, ಕಲಾವಿದೆಯ ಹೆಸರು ಹೇಳಿಕೊಂಡು ಧೈರ್ಯವಾಗಿ ಉಡಲಿ. ಆಗುವುದಿಲ್ಲ ಎಂದರೆ ಮತ್ತೆ ಒತ್ತಾಯ ಮಾಡಬೇಡಿ. ಕೇಂದ್ರದವರೇ ಮಾರುವ ಒಂದು ಮಡಕೆಯನ್ನೋ ಚಿತ್ರವನ್ನೋ ತೆಗೆದುಕೊಳ್ಳಿ.